ಅಹವಾಲು ಸಂಖ್ಯೆ 4117ರ ನಾದಗುಣ

ಸಾರ್ವಜನಿಕ ಅಹವಾಲು ಆಲಿಕೆ ನಿರ್ದೇಶನಾಲಯವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಂದೇ ಒಂದು ಅಹವಾಲನ್ನೂ ಕೇಳದೆ ಬಿಟ್ಟಿಲ್ಲ ಎಂಬುದು ದಾಖಲೆಗಳಿಂದ ಸಾಬೀತಾದ ಸಂಗತಿ. ಕೇಳುವುದು ಈ ನಿರ್ದೇಶನಾಲಯದ ಕೆಲಸ. ಪರಿಹಾರ ಕೊಡುವುದು ರಸ್ತೆಯ ಆಚೆ ಬದಿಯ ಕಟ್ಟಡದಲ್ಲಿರುವ ಪರಿಹಾರ ನಿರ್ದೇಶನಾಲಯದ ಕೆಲಸ. ಕೇಳಿದ್ದನ್ನು ರಸ್ತೆ ದಾಟಿಸುವುದು ಯಾರ ಕೆಲಸ ಎಂದು ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲವಾದ್ದರಿಂದ, ಮಧ್ಯಾಹ್ನ ಚಹಾ ಕುಡಿಯಲು ಆಚೆ ಬದಿಗೆ ಹೋಗುವ ಆಲಿಕೆ ಗುಮಾಸ್ತೆಯೇ, ದಾಟಬೇಕಾದ ಕಡತ ಅಪರೂಪಕ್ಕೆ ಇದ್ದರೆ, ಅದನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು.

ಆಕೆಯನ್ನು ಕಚೇರಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಆಕೆಗಿಂತ ಎರಡು ವರ್ಷ ದೊಡ್ಡವರಾದ ಉಪನಿರ್ದೇಶಕರೂ ಅಕ್ಕಾವ್ರೆ ಎನ್ನುತ್ತಿದ್ದರು. ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಕೂತು, ಜನ ಫೋನಿನಲ್ಲಿ ಹೇಳಿ ಧ್ವನಿಮುದ್ರಿಸಿದ ಅಹವಾಲುಗಳನ್ನು ಕೇಳಿ, ಒಂದೊಂದಕ್ಕೂ ಒಂದು ಪುಟದ ಸಾರಾಂಶ ಬರೆಯುವುದು ಆಕೆಯ ಕೆಲಸ. ಆಕೆಯ ಹೆಡ್‌ಫೋನಿನ ಎಡಗಿವಿ ಸತ್ತು ಒಂಬತ್ತು ವರ್ಷವಾಗಿತ್ತು. ಬಲಗಿವಿಯ ಸ್ಪಂಜು ಉದುರಿದ ಮೇಲೆ ಹಳೇ ರವಿಕೆಯ ತುಂಡೊಂದನ್ನು ಮಡಚಿ ಹೊಲಿದುಕೊಂಡಿದ್ದಳು. ತಲೆಪಟ್ಟಿ ಮುರಿದಾಗ ದಾರ ಸುತ್ತಿದ್ದಳು. ಹೊಸದು ಬೇಕೆಂದು ಬರೆದ ಏಳು ಪತ್ರಗಳಿಗೂ 'ಕೇಳಲಾಗಿದೆ' ಎಂಬ ಉತ್ತರ ಬಂದಿತ್ತು.

ಸಾರಾಂಶ ಬರೆದ ಮೇಲೆ ಉಪನಿರ್ದೇಶಕರು ಧ್ವನಿಯನ್ನು ತಾವೂ ಕೇಳಿ, ಸ್ಪಷ್ಟ ಅಥವಾ ಅಸ್ಪಷ್ಟ ಎಂದು ಮೊಹರು ಒತ್ತಬೇಕು. ಸ್ಪಷ್ಟವಾದದ್ದು ಮಾತ್ರ ರಸ್ತೆ ದಾಟಬಹುದು. ಅಸ್ಪಷ್ಟವಾದದ್ದಕ್ಕೆ, ದಯವಿಟ್ಟು ಇನ್ನೊಮ್ಮೆ ಹೇಳಿ ಎಂದು ಅರ್ಜಿದಾರರಿಗೆ ಪತ್ರ ಹೋಗುತ್ತದೆ. ಉಪನಿರ್ದೇಶಕರು ನ್ಯಾಯವಂತರು. ಬಡವ ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲರ ಅಹವಾಲಿಗೂ ಅವರು ಅಸ್ಪಷ್ಟ ಎಂದೇ ಒತ್ತುತ್ತಿದ್ದರು.

ಹೀಗೆ ಇನ್ನೊಮ್ಮೆ, ಮತ್ತೊಮ್ಮೆ ಹೇಳಿಸಿಕೊಂಡವರಲ್ಲಿ ರಿಜಿಸ್ಟರುಗಳಿಗೆ ರಟ್ಟು ಕಟ್ಟುವ ಬೈಂಡರ್ ಒಬ್ಬ. ಅವನ ಅಂಗಡಿಯ ಸೂರಿನ ಕೆಳಗೆ ಊರಿಗೆಲ್ಲ ನೀರು ಕೊಂಡೊಯ್ಯುವ ದಪ್ಪ ಕೊಳವೆಯೊಂದು ಹಾದುಹೋಗಿದ್ದು, ಅದರ ಕೀಲಿನಿಂದ ಮೂರು ವರ್ಷಗಳಿಂದ ಹನಿ ಬೀಳುತ್ತಿತ್ತು. ಅವನ ಅಹವಾಲಿನ ಸಂಖ್ಯೆ 4117. ಕಾಗದದ ಕಸುಬಿನವನ ತಲೆ ಮೇಲೆ ನೀರು ಸೋರುವುದೆಂದರೆ ಏನೆಂದು ಅಕ್ಕನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಿರ್ದೇಶನಾಲಯದ ರಿಜಿಸ್ಟರುಗಳೂ ಅಲ್ಲಿಯೇ ಬೈಂಡ್ ಆಗಿ, ಹಪ್ಪಳದಂತೆ ಉಬ್ಬಿ ಬರುತ್ತಿದ್ದವು.

"ಏನಾಯ್ತಮ್ಮ ನಮ್ಮದು?" ಎಂದು ಬೈಂಡರ್ ರಿಜಿಸ್ಟರು ತಂದಾಗಲೆಲ್ಲ ಕೇಳುತ್ತಿದ್ದ.

"ಕೇಳಿದೀವಿ ಅಣ್ಣ."

"ಅದು ಗೊತ್ತು. ಹೋದ ತಿಂಗಳೂ ಕೇಳಿದ್ರಿ."

"ಹಿಂದೆ ಹನಿ ಬೀಳೋ ಸದ್ದಿದೆ, ಅದಕ್ಕೇ ಅಸ್ಪಷ್ಟ ಅಂತಾರೆ. ಹನಿ ಬೀಳದೇ ಇರೋ ಹೊತ್ತಲ್ಲಿ ಫೋನ್ ಮಾಡಿ."

"ಹನಿ ಬೀಳದೇ ಇದ್ರೆ ಫೋನ್ ಯಾಕಮ್ಮ ಮಾಡ್ಲಿ?"

ಅವನು ಒದ್ದೆ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಹೋದ ಮೇಲೆ ಆಕೆಗೆ ಆ ದಿನದ ಚಹಾ ಸಪ್ಪೆಯೆನಿಸುತ್ತಿತ್ತು.

ವಿಷಯ ಹೀಗಿರುವಾಗ ವಾರ್ಷಿಕ ಜನಾಭಿಪ್ರಾಯದ ವರದಿ ಬಂತು. ಹತ್ತರಲ್ಲಿ ಒಂಬತ್ತು ಜನ, ನಮ್ಮ ಗೋಳು ಕೇಳೋರಿಲ್ಲ ಎಂದು ಬರೆದಿದ್ದರು. ಉಪನಿರ್ದೇಶಕರು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿ, ಇದು ಶುದ್ಧ ತಾಂತ್ರಿಕ ದೋಷ ಎಂದು ತೀರ್ಮಾನಿಸಿದರು. ಮಾರನೇ ದಿನ ನೋಟೀಸು ಹಲಗೆಯ ಮೇಲೆ ಈ ಪ್ರಕಟಣೆ ಕಾಣಿಸಿಕೊಂಡಿತು:

"ಆಲಿಕೆಯ ಗುಣಮಟ್ಟವನ್ನು ಉನ್ನತೀಕರಿಸುವ ದೃಷ್ಟಿಯಿಂದ, ಅತ್ಯುಚ್ಚ ದರ್ಜೆಯ ಕರ್ಣಾಂತರ್ಗತ ಶ್ರವಣ ಸಾಧನಗಳನ್ನು ಪರಸ್ಪರ ತುಲನೆ ಮಾಡಿ ಆಯ್ಕೆಗೊಳಿಸಲು ತ್ರಿಸದಸ್ಯ ಸಮಿತಿಯನ್ನು ರಚಿಸಲಾಗಿದೆ. ಸದಸ್ಯರು ತಮ್ಮ ಕಿವಿಗಳನ್ನು ಸ್ವಂತ ಜವಾಬ್ದಾರಿಯಲ್ಲಿ ಶುಚಿಗೊಳಿಸಿಕೊಂಡು ಹಾಜರಾಗತಕ್ಕದ್ದು. ಒಂದೇ ಕಿವಿ ಕೇಳುವವರ ಮತವನ್ನು ಅರ್ಧ ಮತವೆಂದು ಪರಿಗಣಿಸಲಾಗುವುದು."

ಕರ್ಣಾಂತರ್ಗತ ಶ್ರವಣ ಸಾಧನವೆಂದರೆ ಕಿವಿಯೊಳಗೆ ತುರುಕಿಕೊಳ್ಳುವ ಇಯರ್‌ಫೋನ್ ಎಂದು ಅಕ್ಕನಿಗೆ ಗೊತ್ತಾದದ್ದು ಅವು ಬಂದ ಮೇಲೆ. ನಾಲ್ಕು ಜೊತೆ, ನಾಲ್ಕು ಮಖಮಲ್ ಪೆಟ್ಟಿಗೆ. ಒಂದೊಂದು ಜೊತೆಯೂ ಅಕ್ಕನ ಎಂಟು ತಿಂಗಳ ಸಂಬಳದಷ್ಟು ಬೆಲೆಯದ್ದು, ಹುಣಸೆಬೀಜದಷ್ಟು ಗಾತ್ರದ್ದು. ನಿಷ್ಪಕ್ಷಪಾತಕ್ಕಾಗಿ ಅವುಗಳ ಕಂಪನಿಯ ಹೆಸರನ್ನು ಮರೆಮಾಚಿ ಅ, ಆ, ಇ, ಈ ಎಂದು ಚೀಟಿ ಅಂಟಿಸಲಾಯಿತು. ಸಮಿತಿಯಲ್ಲಿ ಉಪನಿರ್ದೇಶಕರು, ಲೆಕ್ಕಾಧಿಕಾರಿ ಮತ್ತು ಕಾನೂನು ಸಲಹೆಗಾರ್ತಿ ಇದ್ದರು. ನಡಾವಳಿ ಬರೆಯಲು ಅಕ್ಕನನ್ನು ಕೂರಿಸಿದರು.

ಸಾಧನಗಳನ್ನು ತಂದ ಮಾರಾಟ ಪ್ರತಿನಿಧಿ, ಬಿಸಿಲಲ್ಲೂ ಕೋಟು ಬಿಚ್ಚದವನು, ಬೆಳಗಿನ ಒಂದು ಗಂಟೆಯಲ್ಲಿ ಸಮಿತಿಗೆ ಶ್ರವಣಶಾಸ್ತ್ರವನ್ನು ಕಲಿಸಿದ. ದಪ್ಪ ಸದ್ದಿಗೆ ಬೇಸ್ ಎನ್ನಬೇಕು. ತೆಳು ಸದ್ದಿಗೆ ಟ್ರೆಬಲ್ ಎನ್ನಬೇಕು. ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಣ್ಣಿಗೆ ಕಟ್ಟಿದಂತಾದರೆ ಅದು ಸೌಂಡ್‌ಸ್ಟೇಜ್. ಇವು ಯಾವುದೂ ತಿಳಿಯದಿದ್ದಾಗ ಕಣ್ಣು ಮುಚ್ಚಿ "ಬೆಚ್ಚಗಿದೆ" ಎನ್ನಬೇಕು.

"ಸರಿ, ಒಂದು ಹಾಡು ಹಾಕಿ," ಎಂದರು ಲೆಕ್ಕಾಧಿಕಾರಿ.

"ಹಾಗೆಲ್ಲ ಹಾಕೋ ಹಾಗಿಲ್ಲ," ಎಂದಳು ಕಾನೂನು ಸಲಹೆಗಾರ್ತಿ. "ಕಚೇರಿ ವೇಳೆಯಲ್ಲಿ ಸಂಗೀತ ಕೇಳುವುದು ನಡತೆ ನಿಯಮ ಹದಿನಾಲ್ಕರ ಉಲ್ಲಂಘನೆ."

ಹಾಡಿಲ್ಲದೆ ತುಲನೆ ಹೇಗೆ ಎಂದು ಮೂವರೂ ಮಖಮಲ್ ಪೆಟ್ಟಿಗೆಗಳನ್ನು ನೋಡಿದರು. ಆಗ ಅಕ್ಕನ ತಲೆಯಲ್ಲಿ ಒಂದು ದೀಪ ಹತ್ತಿತು. ಇವರು ಮೂವರೂ 4117ನ್ನು ನಾಲ್ಕು ಸಲ, ಎಂಟು ಸಲ, ಹದಿನಾರು ಸಲ ಕೇಳಿದರೆ? ಹನಿ ಬಿದ್ದೂ ಬಿದ್ದೂ ಬಂಡೆಯೇ ಸವೆಯುತ್ತದಂತೆ. ಅಧಿಕಾರಿಗಳೇನು ಬಂಡೆಗಿಂತ ಗಟ್ಟಿಯೇ?

"ಸಾರ್, ಅಹವಾಲು ಕೇಳೋದಕ್ಕೆ ನಿಯಮದ ಅಡ್ಡಿ ಇಲ್ಲವಲ್ಲ," ಎಂದಳು. "ನನ್ನ ಹತ್ರ ಒಂದಿದೆ. ಅದರಲ್ಲಿ ಗಂಡಸಿನ ದಪ್ಪ ದನಿ ಇದೆ, ನೀರಿನ ಹನಿ ಇದೆ, ಸೈಕಲ್ ಬೆಲ್ಲಿದೆ, ಹಿಂದೆ ಒಬ್ಬ ಹೆಂಗಸು ಗೊಣಗೋದೂ ಇದೆ."

"ಸಂಪೂರ್ಣ ವಾದ್ಯಗೋಷ್ಠಿ!" ಎಂದ ಮಾರಾಟ ಪ್ರತಿನಿಧಿ.

ತುಲನೆ ಆರಂಭವಾಯಿತು. ಕಿವಿಗೆ 'ಅ' ಸಿಕ್ಕಿಸಿಕೊಂಡು ಉಪನಿರ್ದೇಶಕರು ಕಣ್ಣು ಮುಚ್ಚಿದರು. ಬೈಂಡರ್ ಹೇಳತೊಡಗಿದ: ಸ್ವಾಮಿ, ಮೂರು ವರ್ಷದಿಂದ ಸೋರುತ್ತಿದೆ, ನೂರಾರು ರಿಜಿಸ್ಟರು ಹಾಳಾಯಿತು, ಗಿರಾಕಿಗಳು ಬಿಟ್ಟುಹೋಗುತ್ತಿದ್ದಾರೆ.

"ಹೇಗಿದೆ ಸಾರ್?" ಎಂದಳು ಅಕ್ಕ.

"ಬೇಸ್ ಇದೆ," ಎಂದರು ಉಪನಿರ್ದೇಶಕರು. ಅಕ್ಕ 'ಭೇಷ್ ಇದೆ' ಎಂದು ಬರೆದುಕೊಂಡಳು. ಆ ತಪ್ಪನ್ನು ಮುಂದೆ ಯಾರೂ ತಿದ್ದಲಿಲ್ಲ.

'ಆ' ಹಾಕಿಕೊಂಡ ಲೆಕ್ಕಾಧಿಕಾರಿ, "ಗಿರಾಕಿಗಳು ಬಿಟ್ಟುಹೋಗೋ ಜಾಗದಲ್ಲಿ ಗಂಟಲು ಗದ್ಗದ ಆಗುತ್ತಲ್ಲ, ಅದು ಇದರಲ್ಲಿ ಸ್ವಲ್ಪ ಒಣಗಿದ ಹಾಗಿದೆ," ಎಂದು ನೊಂದುಕೊಂಡರು. 'ಇ' ಹಾಕಿಕೊಂಡ ಕಾನೂನು ಸಲಹೆಗಾರ್ತಿ, ಅದೇ ಗದ್ಗದ ಇದರಲ್ಲಿ ಜೇನಿನಂತಿದೆ ಎಂದಳು. ಸೋರುವುದು ಏನು, ಎಲ್ಲಿ, ಯಾರದು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಕಿವಿ ಬೇಕಾದಷ್ಟಿತ್ತು, ಕಿವಿಗೆ ಹಾಕಿಕೊಳ್ಳುವವರು ಇರಲಿಲ್ಲ.

ಕೊನೆಗೆ 'ಈ' ಜೋಡಿಯ ಸರದಿ. ಅದನ್ನು ಹಾಕಿಕೊಂಡ ಉಪನಿರ್ದೇಶಕರು ಕುರ್ಚಿಯಲ್ಲಿ ನೆಟ್ಟಗಾದರು. ಬೇರೆ ಮೂರರಲ್ಲಿ ಬರೀ ಗೊಣಗಾಟವಾಗಿದ್ದ ಹೆಂಗಸಿನ ದನಿ ಇದರಲ್ಲಿ ಅಕ್ಷರ ಅಕ್ಷರವಾಗಿ ಬಿಚ್ಚಿಕೊಂಡಿತ್ತು. ಅದು ಬೈಂಡರನ ಹೆಂಡತಿ ಗಂಡನಿಗೆ ಹೇಳುತ್ತಿದ್ದ ಮಾತು: "ಇವ್ರಿಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ."

"ಆಹಾ!" ಎಂದರು ಉಪನಿರ್ದೇಶಕರು. "ಕೋಣ ಎಷ್ಟು ಸ್ಪಷ್ಟವಾಗಿ ಬಂದಿದೆ!"

ಲೆಕ್ಕಾಧಿಕಾರಿ ಕಿತ್ತುಕೊಂಡು ಕೇಳಿದರು. "ಕಿನ್ನರಿಯೂ ಚೆನ್ನಾಗಿದೆ ಸಾರ್. ಕಿನ್ನರಿ ಬಲಗಡೆ ಇದೆ. ಕೋಣ ನಟ್ಟನಡುವೆ, ನಮ್ಮೊಳಗೇ ಇರೋ ಹಾಗೆ ಕೇಳುತ್ತೆ."

"ಅದೇ ಸೌಂಡ್‌ಸ್ಟೇಜ್," ಎಂದ ಪ್ರತಿನಿಧಿ, ಕಣ್ಣೊರೆಸಿಕೊಳ್ಳುತ್ತ.

ಅಕ್ಕ ಸಮಯ ನೋಡಿ ಕಡತ ಮುಂದೆ ತಳ್ಳಿದಳು. "ಸಾರ್, ಈಗ ಸ್ಪಷ್ಟವಾಗಿ ಕೇಳಿಸ್ತಲ್ಲ?"

"ಇಷ್ಟು ಸ್ಪಷ್ಟವಾಗಿ ನಮ್ಮ ಮನೆಯವಳ ಮಾತೂ ಕೇಳಿಸಿಲ್ಲ ಅಕ್ಕಾವ್ರೆ."

"ಹಾಗಾದ್ರೆ ಇಲ್ಲೊಂದು ಮೊಹರು."

ಅವರು ಮತ್ತೆ ಕಣ್ಣು ಮುಚ್ಚಿ, ತಲೆದೂಗುತ್ತ, ಸ್ಪಷ್ಟ ಎಂದು ಒತ್ತಿದರು. ಆ ಮೊಹರು ಹೆಚ್ಚು ಬಳಕೆಯಿಲ್ಲದೆ ಹೊಸದರಂತಿತ್ತು. ಅಕ್ಕನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಯಾವ ಜೋಡಿ ಹಾಕಿಕೊಂಡರೂ ಅದು ಕೇಳಿಸುತ್ತಿತ್ತು.

ಆದರೆ ಸಮಿತಿಯಲ್ಲಿ ಒಡಕು ಹುಟ್ಟಿತು. ಹನಿ ಇ-ಯಲ್ಲಿ ಬೆಚ್ಚಗಿದೆ ಎಂದಳು ಕಾನೂನು ಸಲಹೆಗಾರ್ತಿ. ಈ-ಯಲ್ಲಿ ತಣ್ಣಗಿದೆ, ಕೊಳವೆಯ ನೀರು ತಣ್ಣಗಿರುವುದೇ ನ್ಯಾಯ ಎಂದರು ಲೆಕ್ಕಾಧಿಕಾರಿ. ಮಾತು ಬೆಳೆದು ಒಬ್ಬರ ಕಿವಿಯ ಯೋಗ್ಯತೆಯನ್ನು ಇನ್ನೊಬ್ಬರು ಅಳೆಯುವ ಮಟ್ಟಕ್ಕೆ ಹೋಯಿತು. ಮಾರಾಟ ಪ್ರತಿನಿಧಿ ಮಧ್ಯೆ ಬಂದು, ಮೂಲ ಧ್ವನಿಯ ಜೊತೆ ಹೋಲಿಸದೆ ಇದು ಇತ್ಯರ್ಥವಾಗದು ಎಂದ. ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಸ್ಥಳ ಪರಿಶೀಲನೆ ಎಂದು ನಿಶ್ಚಯವಾಯಿತು.

ಅಕ್ಕ ಚಹಾದ ಹೊತ್ತಿಗೂ ಕಾಯಲಿಲ್ಲ. ಕಡತ ಹಿಡಿದು ಓಡುತ್ತಲೇ ರಸ್ತೆ ದಾಟಿದಳು. ಪರಿಹಾರ ನಿರ್ದೇಶನಾಲಯದ ಪ್ಲಂಬರ್ ನಟ್ಟು ತಿರುಗಿಸುವ ತನ್ನ ಪಾನಾಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿ ಎಣ್ಣೆ ಒರೆಸುತ್ತಿದ್ದ. ಕೊನೆಯ ಕೊಳಾಯಿ ಕೆಲಸದ ಕಡತ ಅವನ ಕೈಗೆ ಬಂದು ಎರಡು ವರ್ಷವಾಗಿತ್ತು.

"ನನಗಾ?" ಎಂದ ಅವನು. "ಕೆಲಸವಾ?"

"ನಿಮಗೇ ಅಣ್ಣ. ನಾಳೆ ಬೆಳಗ್ಗೆ ಬಂದುಬಿಡಿ."

ಮಾರನೇ ದಿನ ಸಮಿತಿಯು ಬೈಂಡರನ ಅಂಗಡಿಯಲ್ಲಿ ಹಾಜರಾಯಿತು. ರಟ್ಟು ಅಂಟಿಸುವ ಸರಸಿನ ವಾಸನೆ, ರಟ್ಟಿನ ಚೂರು, ದಾರದ ಉಂಡೆಗಳ ನಡುವೆ ಮೂರು ಬಕೆಟ್ಟುಗಳು: ಒಂದು ಹಿತ್ತಾಳೆ, ಒಂದು ತಗಡು, ಒಂದು ಪ್ಲಾಸ್ಟಿಕ್ಕು. ಇಷ್ಟು ಜನ ದೊಡ್ಡವರು ತನ್ನ ಸೋರಿಕೆ ನೋಡಲು ಬಂದರೆಂದು ಬೈಂಡರ್ ಕೂರಲು ಕಾಗದದ ಕಟ್ಟುಗಳನ್ನು ಎಳೆದುಹಾಕಿದ. ಅವನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವ್ರಾ ಕೇಳೋರು?" ಎಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು.

"ಇವ್ರೇ ಕಣಮ್ಮ, ಸುಮ್ನಿರಿ," ಎಂದಳು ಅಕ್ಕ.

ಉಪನಿರ್ದೇಶಕರು ಕಾಗದದ ಕಟ್ಟಿನ ಮೇಲೆ ಕೂತು, ಒಂದು ಕಿವಿಗೆ 'ಈ' ಜೋಡಿಯ ಒಂದನ್ನು ಸಿಕ್ಕಿಸಿ, ಇನ್ನೊಂದು ಕಿವಿಯನ್ನು ಹಿತ್ತಾಳೆ ಬಕೆಟ್ಟಿನತ್ತ ಬಾಗಿಸಿದರು. ಲೆಕ್ಕಾಧಿಕಾರಿ ತಗಡಿನ ಬಕೆಟ್ಟಿನ ಪಕ್ಕ ಮೊಣಕಾಲೂರಿದರು. ಕಾನೂನು ಸಲಹೆಗಾರ್ತಿ ಪ್ಲಾಸ್ಟಿಕ್ಕಿನ ಬಳಿ ನಿಂತೇ ಕೇಳಿದಳು. ಟಣ್, ಟಣ್. ಟಪ್.

ಅಷ್ಟರಲ್ಲಿ ಪ್ಲಂಬರ್ ಬಂದ. ಎರಡು ವರ್ಷದ ಹಸಿವಿನವನು. ಯಾರನ್ನೂ ಮಾತಾಡಿಸದೆ ಏಣಿ ಇಟ್ಟ, ಹತ್ತಿದ, ಪಾನಾ ಹಚ್ಚಿ ಕೀಲನ್ನು ಮುಕ್ಕಾಲು ಸುತ್ತು ತಿರುಗಿಸಿದ.

ಹನಿ ನಿಂತಿತು.

ಬೈಂಡರ್ ಸೂರನ್ನು ನೋಡಿದ, ಬಕೆಟ್ಟನ್ನು ನೋಡಿದ, ಹೆಂಡತಿಯನ್ನು ನೋಡಿದ. ಮೂರು ವರ್ಷದ ಗೋಳು ಮುಕ್ಕಾಲು ಸುತ್ತಿನಲ್ಲಿ ಮುಗಿದಿತ್ತು. ಅಕ್ಕನ ಕಣ್ಣು ತುಂಬಿ ಬಂತು.

"ಏನಿದು!" ಎಂದು ಉಪನಿರ್ದೇಶಕರು ಕೂಗಿಕೊಂಡರು. "ಮೂಲ ಧ್ವನಿ ನಿಂತುಹೋಯಿತು! ಯಾರ್ರೀ ನಿಲ್ಲಿಸಿದ್ದು?"

"ನಾನು ಸಾರ್. ಆದೇಶ ಇದೆ."

"ತುಲನೆ ಅರ್ಧಕ್ಕೆ ನಿಂತಿದೆ. ಸಮಿತಿ ಕೂತಿದೆ. ಮೊದಲಿನ ಹಾಗೆ ಸೋರಿಸ್ರಿ!"

ಪ್ಲಂಬರ್ ಏಣಿಯ ಮೇಲಿಂದ ವಿನಯವಾಗಿ ಹೇಳಿದ: "ಸೋರೋದನ್ನ ನಿಲ್ಲಿಸೋಕೆ ನನ್ನ ಹತ್ರ ಆದೇಶ ಇದೆ ಸಾರ್. ಸೋರಿಸೋಕೆ ಬೇರೆ ಬೇಕು."

ಕಾನೂನು ಸಲಹೆಗಾರ್ತಿ ಒಂದು ರಟ್ಟಿನ ಚೂರು ತೆಗೆದುಕೊಂಡು ಅಲ್ಲೇ ಆದೇಶ ಬರೆದಳು. ಉಪನಿರ್ದೇಶಕರು ಸಹಿ ಮಾಡಿದರು. ಪ್ಲಂಬರ್ ಕೀಲು ಸಡಿಲಿಸಿದ. ನೀರು ಸೋರಿತು, ಆದರೆ ಅವಸರದಲ್ಲಿ, ಟಪಟಪನೆ.

"ಇದು ಅದಲ್ಲ," ಎಂದರು ಮೂವರೂ, ಆ ದಿನ ಮೊದಲ ಸಲ ಒಮ್ಮತದಿಂದ. ಪ್ಲಂಬರ್ ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. ಒಮ್ಮೆ ಹನಿ ಸೋಮಾರಿಯಾಯಿತು, ಒಮ್ಮೆ ಧಾರೆಯಾಯಿತು. ಹಳೆಯ ನಡಿಗೆ ಬರಲೇ ಇಲ್ಲ.

"ನಮ್ಮ ಹನಿ ಹೀಗೆ ಆತುರ ಪಡಲ್ಲ," ಎಂದಳು ಬೈಂಡರನ ಹೆಂಡತಿ ಮೂಲೆಯಿಂದ. "ಎರಡು ಬೀಳುತ್ತೆ, ಒಂದು ಉಸಿರು ತಗೊಳ್ಳುತ್ತೆ, ಆಮೇಲೆ ಮೂರನೇದು."

ಸಮಿತಿ ಆಕೆಯತ್ತ ತಿರುಗಿತು. "ನಿಮಗೆ ಗೊತ್ತಾಗುತ್ತಾ?"

"ಮೂರು ವರ್ಷ ಅದರ ಜೊತೆ ಸಂಸಾರ ಮಾಡಿದೀನಿ, ಗೊತ್ತಾಗದೆ ಏನು?"

"ಹಾಗಾದರೆ ಸ್ವಲ್ಪ ಹೇಳಿಕೊಡಿ ತಾಯಿ."

ಆಕೆ ಕೈಕಟ್ಟಿ ನಿಂತಳು. "ಹೇಳಿಕೊಡ್ತೀನಿ. ನಮ್ಮ ಕಾಗದ ಎಲ್ಲಿಡೋದು? ನಿಂತ ಸೋರಿಕೆನ ಮತ್ತೆ ತಲೆ ಮೇಲೆ ಹಾಕ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಉಪನಿರ್ದೇಶಕರ ಮುಖ ಬಿಳುಚಿತು. ನ್ಯಾಯ, ದಯೆ, ರಿಜಿಸ್ಟರು ಎಂದು ಇವರ ಮುಂದೆ ಹೇಳಿ ಪ್ರಯೋಜನವಿಲ್ಲವೆಂದು ಅಕ್ಕನಿಗೆ ನಿನ್ನೆಯೇ ಮನದಟ್ಟಾಗಿತ್ತು. ಆಕೆ ಗಂಟಲು ಸರಿಮಾಡಿಕೊಂಡು, ಕಣ್ಣು ಅರೆಮುಚ್ಚಿದಳು.

"ಸಾರ್, ನನಗೊಂದು ಅನುಮಾನ. ಇಲ್ಲಿ ಹೊಲಿಗೆ ಯಂತ್ರದ ಕಟಕಟ, ರಟ್ಟು ಕತ್ತರಿಸೋ ಸದ್ದು, ಇವೆಲ್ಲ ಹನಿಯ ಸೌಂಡ್‌ಸ್ಟೇಜನ್ನ ಹಾಳು ಮಾಡ್ತಿವೆ. ಬೈಂಡಿಂಗ್ ಕೆಲಸ ಇಲ್ಲಿಂದ ಬೇರೆ ಕಡೆ ಹೋದ್ರೆ ಟ್ರೆಬಲ್ಲು ಇನ್ನೂ ಬಿಚ್ಚಿಕೊಳ್ಳುತ್ತೆ. ನಮ್ಮ ಕೆಳಮಹಡಿಯಲ್ಲಿ ಅರ್ಜಿದಾರರ ವಿಶ್ರಾಂತಿ ಕೊಠಡಿ ಖಾಲಿ ಇದೆ. ಕಿಟಕಿ ಇದೆ, ಬಿಸಿಲಿದೆ, ಒಣಗಿದೆ."

ಉಪನಿರ್ದೇಶಕರು ಆಕೆಯನ್ನು ಹೊಸದಾಗಿ ನೋಡಿದಂತೆ ನೋಡಿದರು. "ಅಕ್ಕಾವ್ರೆ, ನಿಮಗೆ ಕಿವಿ ಇದೆ."

ಮಾರಾಟ ಪ್ರತಿನಿಧಿ ಹೌದೆಂದು ತಲೆಯಾಡಿಸಿದ. ಎರಡನೆಯ ರಟ್ಟಿನ ಚೂರಿನ ಮೇಲೆ ಎರಡನೆಯ ಆದೇಶವಾಯಿತು. ಬೈಂಡರನ ಹೆಂಡತಿ ಅದನ್ನು ಓದಿ, ಗಂಡನಿಗೆ ಓದಿಸಿ, ಸಹಿ ಒಣಗುವವರೆಗೆ ಊದಿ, ರವಿಕೆಯೊಳಗೆ ಇಟ್ಟುಕೊಂಡ ಮೇಲೆ ಏಣಿಯ ಬುಡಕ್ಕೆ ಹೋದಳು.

"ಒಂಚೂರು ಬಿಗಿ ಮಾಡಪ್ಪ. ಜಾಸ್ತಿ ಆಯ್ತು. ಕೂದಲೆಳೆಯಷ್ಟು ಹಿಂದಕ್ಕೆ. ಇನ್ನೊಂದು ಕೂದಲು. ಹಾಂ, ಬಿಟ್ಟುಬಿಡು, ಮುಟ್ಬೇಡ."

ಟಣ್, ಟಣ್. ಉಸಿರು. ಟಪ್.

ಲೆಕ್ಕಾಧಿಕಾರಿ ಮೊಣಕಾಲಿನ ಮೇಲೆಯೇ ಚಪ್ಪಾಳೆ ತಟ್ಟಿದರು. 'ಈ' ಜೋಡಿಯೇ ಮೂಲಕ್ಕೆ ಅತಿ ಹತ್ತಿರವೆಂದು, ಅಂದರೆ ಹನಿ ತಣ್ಣಗೇ ಇದೆಯೆಂದು, ಸರ್ವಾನುಮತದಿಂದ ತೀರ್ಮಾನವಾಯಿತು. ಕಾನೂನು ಸಲಹೆಗಾರ್ತಿ ತನ್ನ ಬೆಚ್ಚನೆಯ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಂಡಳು.

ಆ ವಾರವೇ ಬೈಂಡರ್ ಯಂತ್ರ, ಸರಸಿನ ಡಬ್ಬಿ, ರಟ್ಟಿನ ಕಟ್ಟುಗಳೊಂದಿಗೆ ನಿರ್ದೇಶನಾಲಯದ ಕೆಳಮಹಡಿಗೆ ಬಂದ. ಅಂಗಡಿಯ ಬಾಗಿಲಿಗೆ ಹಲಗೆ ಬಿತ್ತು. ಅದರ ಮೇಲೆ ಪ್ರಮಾಣಿತ ಸೋರಿಕೆ (ಸಂರಕ್ಷಣೆ) ನಿಯಮಗಳನ್ನು ಬರೆಸಲಾಗಿತ್ತು: ಈ ಸೋರಿಕೆಯನ್ನು ನಿಲ್ಲಿಸುವುದು, ಒರೆಸುವುದು ಅಥವಾ ಅದರ ಬಗ್ಗೆ ದೂರುವುದು ಶಿಕ್ಷಾರ್ಹ. ಬಕೆಟ್ಟು ಹಿತ್ತಾಳೆಯದೇ ಇರತಕ್ಕದ್ದು. ಸಂದರ್ಶಕರು ಪಾದರಕ್ಷೆ ಬಿಟ್ಟು ಒಳಬರತಕ್ಕದ್ದು. ಬೈಂಡರನ ಹೆಂಡತಿಯನ್ನು ಸೋರಿಕೆ ಸಂರಕ್ಷಣಾಧಿಕಾರಿಯಾಗಿ ನೇಮಿಸಲಾಯಿತು. ಆಕೆ ದಿನಕ್ಕೆರಡು ಸಲ ಹೋಗಿ, ಕೀಲಿಗೆ ಕಿವಿಗೊಟ್ಟು, ಸರಿಯಿದೆ ಎಂದು ಪುಸ್ತಕದಲ್ಲಿ ಬರೆದು ಬರುತ್ತಾಳೆ. ಪುಸ್ತಕವನ್ನು ಗಂಡನೇ ಬೈಂಡ್ ಮಾಡಿದ್ದು, ಎಲೆಯೊಂದೂ ಉಬ್ಬಿಲ್ಲ.

'ಈ' ಜೋಡಿಗಳು ಒಂದು ಡಜನ್ ಬಂದವು. ಬಳಸಿದರೆ ಸವೆಯುತ್ತವೆಂಬ ಕಾರಣಕ್ಕೆ ಅವನ್ನು ಉಪನಿರ್ದೇಶಕರ ಕೋಣೆಯ ಗಾಜಿನ ಬೀರುವಿನಲ್ಲಿಟ್ಟಿದ್ದಾರೆ; ನೋಡಲು ಅವಕಾಶವಿದೆ. ಅಕ್ಕ ತನ್ನ ಹೆಡ್‌ಫೋನಿಗೆ ಹೊಸ ದಾರ ಸುತ್ತಿಕೊಂಡಳು. ಬೈಂಡರ್ ಒಳ್ಳೆಯ ಮೇಣದ ದಾರವನ್ನೇ ಕೊಟ್ಟ.

ಆಮೇಲೆ ಬಂದ ಮೊದಲ ಅಹವಾಲು ಚಪ್ಪಲಿ ಹೊಲಿಯುವವನದು. ಅಕ್ಕ ಅದನ್ನು ಮೂರು ಸಲ ಕೇಳಿದಳು, ತಪ್ಪು ಕೇಳಿಸಿತೆಂದುಕೊಂಡು. ತನ್ನ ಅಂಗಡಿ ಸೋರುವುದಿಲ್ಲ, ಇದು ತಾರತಮ್ಯ, ಕೂಡಲೇ ಒಂದು ಸೋರಿಕೆ ಮಂಜೂರು ಮಾಡಿ ಬೈಂಡರನಂತೆ ಒಣ ಕೊಠಡಿ ಕೊಡಿಸಬೇಕು ಎಂದು ಅವನು ಪ್ರಾರ್ಥಿಸಿದ್ದ. ಹಿಂದೆ ಯಾವ ಹನಿಯ ಸದ್ದೂ ಇರಲಿಲ್ಲವಾದ್ದರಿಂದ ಧ್ವನಿ ಗಾಜಿನಂತೆ ತಿಳಿಯಾಗಿತ್ತು. ಉಪನಿರ್ದೇಶಕರು ಸ್ಪಷ್ಟ ಎಂದು ಒತ್ತಿದರು. ಬೇರೆ ದಾರಿಯೇ ಇರಲಿಲ್ಲ. ಹನ್ನೊಂದು ದಿನದಲ್ಲಿ ಪ್ಲಂಬರ್ ಹೋಗಿ ಸೋರಿಸಿ ಬಂದ.

ಸುದ್ದಿ ಹಬ್ಬಿತು. ಗಡಿಯಾರ ರಿಪೇರಿಯವನು, ಕ್ಷೌರದವನು, ಟೈಪಿಂಗ್ ಕಲಿಸುವ ಮೇಡಮ್ಮು, ಎಲ್ಲರೂ ಅರ್ಜಿ ಹಾಕಿದರು. ನಿರ್ದೇಶನಾಲಯದ ಖಾಲಿ ಕೊಠಡಿಗಳು ತುಂಬಿ, ಪರಿಹಾರ ನಿರ್ದೇಶನಾಲಯದ ಕೊಠಡಿಗಳೂ ತುಂಬತೊಡಗಿದವು. ಪ್ಲಂಬರನ ಕೈಕೆಳಗೆ ಮೂವರು ಬಂದರು. ಅವನಷ್ಟು ಸುಖಿಯಾದ ಸರ್ಕಾರಿ ನೌಕರ ಎರಡು ಕಟ್ಟಡಗಳಲ್ಲೂ ಇಲ್ಲ.

ಅಕ್ಕನ ಗಂಡ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುವ ಮೇಷ್ಟ್ರು. ಊಟದ ಮೇಜಿನ ಮೇಲೆಯೇ ಬಣ್ಣ ಕಲಸಿ ಬೈಸಿಕೊಳ್ಳುವವರು. ಒಂದು ಸಂಜೆ ಅವರು ಕುಂಚ ತೊಳೆಯುತ್ತ ಮೆಲ್ಲಗೆ ಮಾತು ತೆಗೆದರು.

"ಅಲ್ಲ ಕಣೇ, ಊರಿಗೆಲ್ಲ ಕೊಡಿಸ್ತೀಯ. ನಮ್ಮನೆಗೂ ಒಂದು ಸೋರಿಕೆ ಹಾಕಿಸಬಾರ್ದಾ? ನನಗೊಂದು ಬೆಳಕಿರೋ ಕೋಣೆ ಸಿಗ್ತಿತ್ತು."

"ಗಟ್ಟಿಮುಟ್ಟಾದ ಮನೆ ರೀ ನಮ್ಮದು. ಯಾರಾದ್ರೂ ಕೇಳಿದ್ರೆ ನಗ್ತಾರೆ."

"ಯಾರು ನಗ್ತಾರೆ ಹೇಳು ನೋಡೋಣ?"

ಅಕ್ಕ ಯೋಚಿಸಿ ನೋಡಿದಳು. ಉಪನಿರ್ದೇಶಕರು, ಲೆಕ್ಕಾಧಿಕಾರಿ, ಪ್ಲಂಬರ್, ಬೈಂಡರನ ಹೆಂಡತಿ, ಎಲ್ಲರ ಮುಖಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ನಗುವವರು ಒಬ್ಬರೂ ಸಿಗಲಿಲ್ಲ.

ಮಾರನೇ ದಿನ ಆಕೆ ಕಚೇರಿಯ ಫೋನೆತ್ತಿ, ಗಂಟಲಲ್ಲಿ ಸ್ವಲ್ಪ ಗದ್ಗದ ತಂದುಕೊಂಡು ಅಹವಾಲು ಹೇಳಿದಳು. ಮೂಲೆ ಕೋಣೆಗೆ ಹೋಗಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ತಾನೇ ಕೇಳಿದಳು, ಸಾರಾಂಶ ಬರೆದಳು, ಮೊಹರಿಗೆ ಕಳಿಸಿದಳು. ಆಕೆಯ ಸರದಿ ಸಂಖ್ಯೆ ಇನ್ನೂರ ಹದಿನಾಲ್ಕು. ಸಾಲು ಚೆನ್ನಾಗಿ ಸಾಗುತ್ತಿದೆ.